ಪಾತಮ್ಮನ ಪಾಲಿನ ಮಾತ್ರೆ

ಪಾತಮ್ಮನ ಹೊಟ್ಟೆ ದಪ್ಪವಾಗುತ್ತಿರುವುದನ್ನು ಮೊದಲು ಗಮನಿಸಿದವಳು ಅವಳ ಅತ್ತೆ. ಮಗಳು ಶಿಲ್ಪ ಹುಟ್ಟಿ ಹತ್ತು ವರ್ಷ ಕಳೆದಿತ್ತು. ಆಮೇಲೆ ಹುಟ್ಟಿದ್ದೆರಡೂ ಉಳಿದಿರಲಿಲ್ಲ. ಈಗ ದೇವರು ಕಣ್ಣು ಬಿಟ್ಟನೆಂದು ಮುದುಕಿ ಯಾರಿಗೂ ಹೇಳದೆ ಹರಕೆ ಹೊತ್ತಳು. ಹಟ್ಟಿಯ ಹೆಂಗಸರು ಬೋರ್‌ವೆಲ್ ಹತ್ತಿರ ಮುಸಿಮುಸಿ ನಕ್ಕರು. ಅದು ಬಸುರಲ್ಲವೆಂದು ಪಾತಮ್ಮನಿಗೆ ಗೊತ್ತಿತ್ತು. ತಿಂಗಳ ಮುಟ್ಟು ತಪ್ಪಿರಲಿಲ್ಲ. ಎಡಪಕ್ಕೆಯ ಕೆಳಗೆ ಕಲ್ಲು ಕೂತಂತೆ ಭಾರ. ಅರ್ಧ ಮುದ್ದೆ ಉಣ್ಣುವಷ್ಟರಲ್ಲಿ ಹೊಟ್ಟೆ ಬಿಗಿದುಬಿಡುತ್ತಿತ್ತು. ಚಳಿಗಾಲದಲ್ಲೂ ಮೈ ಬೆವತು ಕುಪ್ಪಸ ಒದ್ದೆಯಾಗುತ್ತಿತ್ತು.

ಅವಳ ತವರು ಮೊಳಕಾಲ್ಮೂರಿನ ಕಡೆ, ಜಟಿಂಗ ರಾಮೇಶ್ವರನ ಬೆಟ್ಟ ಕಾಣುವ ಊರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಓಬಳಪ್ಪನನ್ನು ಮದುವೆಯಾಗಿ ಕುದಾಪುರದಾಚೆಯ ಈ ಹಟ್ಟಿಗೆ ಬಂದ ಮೇಲೆ ವರವು ಕಾವಲಿನ ಹುಲ್ಲುಗಾವಲೇ ಅವಳ ಮನೆಯ ಅಂಗಳದಂತಾಯಿತು. ಕುರಿ ಮೇಯಿಸುವುದರಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಓಬಳಪ್ಪನಿಗೆ ಸಿಟ್ಟು ಬೇಗ, ಕುರಿಗಳಿಗೆ ಅದು ಗೊತ್ತಾಗುತ್ತಿತ್ತು. ಅವಳ ಹಿಂದೆ ಅವು ತಾವಾಗಿಯೇ ನಡೆಯುತ್ತಿದ್ದವು. ಅಂಥವಳು ೧೯೯೮ರ ಬೇಸಿಗೆಯ ಒಂದು ಮಧ್ಯಾಹ್ನ ಜಾಲಿಮರದ ಕೆಳಗೆ ಕೂತವಳು ಹಾಗೇ ಒರಗಿ ನಿದ್ದೆ ಹೋದಳು. ಎಚ್ಚರವಾದಾಗ ಮಂದೆ ಪಕ್ಕದವರ ಸೊಪ್ಪಿನ ತೋಟದಲ್ಲಿತ್ತು, ತೋಟದವನು ಎದುರಿಗೆ ನಿಂತು ಬೈಯುತ್ತಿದ್ದ. ಎದ್ದು ಕುರಿಗಳನ್ನು ಹೊರಗೆ ಹೊಡೆಯಬೇಕೆಂದರೆ ಕಾಲು ಏಳಲಿಲ್ಲ. ಬೈಯುತ್ತಿದ್ದವನೇ ಹೆದರಿ ಓಬಳಪ್ಪನನ್ನು ಕರೆತಂದ.

ಮಲೇರಿಯಾ ಎಂದು ಒಬ್ಬರು ಸೂಜಿ ಹಾಕಿದರು, ರಕ್ತ ಕಡಿಮೆ ಎಂದು ಇನ್ನೊಬ್ಬರು ಟಾನಿಕ್ ಕೊಟ್ಟರು. ಕೊನೆಗೆ ಚಳ್ಳಕೆರೆಯ ಲ್ಯಾಬಿನಲ್ಲಿ ರಕ್ತ ನೋಡಿದವನು ತನ್ನ ಲೆಕ್ಕವೇ ತಪ್ಪಿರಬೇಕೆಂದು ಇನ್ನೊಮ್ಮೆ ಬೆರಳು ಚುಚ್ಚಿದ. ಎರಡನೆಯ ಸಲವೂ ಅಷ್ಟೇ ಬಂತು. ಬಿಳಿ ಕಣ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. "ಇಲ್ಲಿ ನಿಲ್ಬೇಡ್ರಿ, ಬೆಂಗಳೂರಿಗೆ ಹೋಗ್ರಿ" ಎಂದಷ್ಟೇ ಹೇಳಿದ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ನೋಡಿದ ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತು ಕಡಿಮೆ, ಕೈ ಮೆದು. ಪಾತಮ್ಮನ ಪಕ್ಕೆಯ ಕೆಳಗೆ ಒತ್ತಿ, ಇದು ಗುಲ್ಮ, ರಕ್ತದ ಕ್ಯಾನ್ಸರಿನಲ್ಲಿ ಹೀಗೆ ಊದುತ್ತದೆ ಎಂದರು. ನಿಧಾನವಾಗಿ ಬೆಳೆಯುವ ಜಾತಿಯದು. ಮೂಳೆಯೊಳಗಿನ ಮಜ್ಜೆ ಬದಲಾಯಿಸಿದರೆ ವಾಸಿಯಾಗಬಹುದು, ಅದಕ್ಕೆ ಲಕ್ಷಗಟ್ಟಲೆ ಬೇಕು, ಒಡಹುಟ್ಟಿದವರ ಮಜ್ಜೆ ಹೊಂದಬೇಕು. ಒಂದು ಇಂಜೆಕ್ಷನ್ ಇದೆ, ಅದೂ ಬಡವರ ಕೈಗೆ ಸಿಗುವುದಲ್ಲ. ಉಳಿದದ್ದು ಒಂದು ಕ್ಯಾಪ್ಸೂಲು. ಅದನ್ನು ಆಸ್ಪತ್ರೆಯಲ್ಲೇ ಕೊಡುತ್ತಾರೆ.

"ಅದು ನುಂಗಿದ್ರೆ ಹೋಗ್ತೈತಾ?" ಓಬಳಪ್ಪ ಕೇಳಿದ.

"ಹೋಗಲ್ಲಪ್ಪ. ತಡೆದು ಹಿಡಿಯುತ್ತೆ."

"ಎಷ್ಟು ದಿನ?"

ಡಾಕ್ಟರು ಪಾತಮ್ಮನ ಕಡೆ ನೋಡಿದರು. "ನಾಲ್ಕೈದು ವರ್ಷ. ಕೆಲವರಿಗೆ ಹೆಚ್ಚು."

ಪಾತಮ್ಮ ಮಗಳ ವಯಸ್ಸಿಗೆ ಐದು ಕೂಡಿಸಿಕೊಂಡಳು. ಹದಿನೈದು. ಅಷ್ಟರಲ್ಲಿ ಮದುವೆ ಮಾಡಬಹುದು ಎಂದುಕೊಂಡಳೆಂದು ಮುಂದೊಮ್ಮೆ ಅವಳೇ ಶಿಲ್ಪಳಿಗೆ ಹೇಳಿದ್ದಳು.

ಔಷಧಿ ಬಿಟ್ಟಿ ಎಂದು ಹಟ್ಟಿಯವರೆಲ್ಲ ಹೇಳಿದರು, ಓಬಳಪ್ಪನೂ ಹಾಗೇ ನಂಬಿದ. ಬಿಟ್ಟಿ ಔಷಧಿಗೂ ಬೆಲೆ ಇದೆಯೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಇಬ್ಬರ ಬಸ್ ಚಾರ್ಜು, ಹಿರಿಯೂರಿನಲ್ಲಿ ಬಸ್ಸು ತಪ್ಪಿದರೆ ಒಂದು ದಿನ, ಸರದಿ ಬಾರದಿದ್ದರೆ ಆಸ್ಪತ್ರೆಯ ಮರದ ಕೆಳಗೆ ಇನ್ನೊಂದು ದಿನ. ರಕ್ತ ಪರೀಕ್ಷೆಯ ಯಂತ್ರ ಕೆಟ್ಟಿದ್ದರೆ ಹೊರಗಿನ ಲ್ಯಾಬು. ಕ್ಯಾಪ್ಸೂಲು ಮುಗಿದಿದ್ದರೆ ಹೊರಗಿನ ಅಂಗಡಿ. ಕುರಿ ಕಾಯಲು ಕೂಲಿಯವನು ಬೇಕು, ಅವನ ಕಣ್ಣು ತಪ್ಪಿದರೆ ತೋಳ. ಪ್ರತಿ ಸಲ ಹೊರಡುವ ಮುಂಚೆ ಒಂದು ಮರಿ ಸಂತೆಗೆ ಹೋಗುತ್ತಿತ್ತು. ಯಾವ ಮರಿ ಎಂಬುದನ್ನು ಪಾತಮ್ಮನೇ ಆರಿಸಬೇಕೆಂದು ಗಂಡ ಹಟ ಹಿಡಿಯುತ್ತಿದ್ದ. ಅವಳಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತು. ಕೆಲವು ತಿಂಗಳು ಅವಳು ಹೋಗುವುದೇ ಇಲ್ಲವೆಂದು ಕೂತುಬಿಡುತ್ತಿದ್ದಳು. ಆಗ ಗುಲ್ಮ ಮತ್ತೆ ಊದಿ ಹೊಕ್ಕಳ ತನಕ ಇಳಿಯುತ್ತಿತ್ತು, ಮತ್ತೆ ಬಸ್ಸು ಹತ್ತಬೇಕಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಡಾಕ್ಟರು ಹೊಸ ಮಾತ್ರೆಯೊಂದರ ವಿಷಯ ಹೇಳಿದರು. ಈ ಕಾಯಿಲೆಗೆಂದೇ ಮಾಡಿದ್ದು, ಹೊರದೇಶದ್ದು. ಬೆಲೆ ತಿಂಗಳಿಗೆ ಲಕ್ಷದ ಮೇಲೆ.

ಪಾತಮ್ಮ ನಕ್ಕುಬಿಟ್ಟಳು. "ಅಷ್ಟು ದುಡ್ಡಿಗೆ ನಮ್ಮ ಹಟ್ಟೀನೇ ಬರ್ತೈತಲ್ಲ ಡಾಕ್ಟ್ರಮ್ಮ."

ಆದರೆ ಬಡವರಿಗೆ ಕಂಪನಿಯವರೇ ಅದನ್ನು ಪುಕ್ಕಟೆ ಕೊಡುವ ಏರ್ಪಾಡು ಶುರುವಾಗಿತ್ತು. ಪರೀಕ್ಷೆಯೊಂದು ಆಗಬೇಕು, ಕಾಯಿಲೆ ಅದೇ ಎಂದು ಖಾತ್ರಿಯಾಗಬೇಕು, ಆದಾಯವಿಲ್ಲವೆಂದು ಕಾಣಿಸಬೇಕು. ಡಾಕ್ಟರೇ ಎಲ್ಲ ಬರೆದು ಕಳಿಸಿದರು. ೨೦೦೩ರ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅವಳ ಕೈಗೆ ಮೊದಲ ಡಬ್ಬಿಗಳು ಬಂದವು. ದಿನಕ್ಕೆ ನಾಲ್ಕು, ಊಟದ ಮೇಲೆ ನುಂಗಬೇಕು.

ಕಣ್ಣಿನ ಸುತ್ತ ಊತ ಬಂತು, ನಡೆಯುವಾಗ ಮೀನಖಂಡ ಹಿಡಿದುಕೊಂಡು ಕೂಗಿಸುತ್ತಿತ್ತು. ಆದರೆ ಮಳೆಗಾಲದ ಹೊತ್ತಿಗೆ ಪಕ್ಕೆಯ ಕೆಳಗಿನ ಕಲ್ಲು ಕರಗಿಹೋಗಿತ್ತು. ಒಂದು ಇಡೀ ಮುದ್ದೆ ಉಂಡು ಇನ್ನೊಂದಕ್ಕೆ ಕೈ ಚಾಚಿದ ದಿನ ಅತ್ತೆ ಅತ್ತುಬಿಟ್ಟಳು. ಪಾತಮ್ಮ ಮತ್ತೆ ಕೋಲು ಹಿಡಿದು ಕಾವಲಿಗೆ ಹೋದಳು. ಈಗ ಬೆಂಗಳೂರಿಗೂ ಒಬ್ಬಳೇ ಹೋಗಿಬರುತ್ತಿದ್ದಳು. ಒಬ್ಬಳೇ ಅಂದರೆ ಪೂರ್ತಿ ಒಬ್ಬಳಲ್ಲ. ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ತಿಪ್ಪೇರುದ್ರ ಜೊತೆಯಾಗುತ್ತಿದ್ದ.

ತಿಪ್ಪೇರುದ್ರ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಮೂಟೆ ಹೊರುವ ಹಮಾಲಿ. ಇಪ್ಪತ್ತೇಳರ ಆಳು. ಅವನಿಗೂ ಇದೇ ಕಾಯಿಲೆ. ಆಸ್ಪತ್ರೆಯ ಬೆಂಚಿನ ಮೇಲೆ, ನೀನೆಲ್ಲಿಯವನು ಎಂದು ಕೇಳಿ ಪರಿಚಯವಾದದ್ದು. ಅವನು ನುಂಗುತ್ತಿದ್ದುದು ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಅದೇ ಮಾತ್ರೆ. ಕೂಲಿ ಬರುವವನೆಂದು ಪುಕ್ಕಟೆ ಪಟ್ಟಿಗೆ ಅವನ ಹೆಸರು ಹೋಗಿರಲಿಲ್ಲ. ಇದು ಹೊರದೇಶದ್ದಕ್ಕಿಂತ ಎಷ್ಟೋ ಅಗ್ಗ. ಅಗ್ಗವೆಂದರೂ ಹಮಾಲಿಯ ತಿಂಗಳ ದುಡಿಮೆಯ ಮೂರು ಪಟ್ಟು. ಮಿಲ್ಲಿನ ಸಾಹುಕಾರರು ಸ್ವಲ್ಪ ಕೊಟ್ಟಿದ್ದರು, ಹಮಾಲರೆಲ್ಲ ಸೇರಿ ಸ್ವಲ್ಪ ಎತ್ತಿದ್ದರು, ಹೆಂಡತಿಯ ಓಲೆ ಹೋಗಿತ್ತು. ಅವನಿಗೆ ರಶ್ಮಿತಾ ಎಂಬ ಕೂಸು ಆಗತಾನೇ ಹುಟ್ಟಿತ್ತು. ಬಸ್ಸಿನಲ್ಲಿ ಪಾತಮ್ಮನ ಬುತ್ತಿಯ ರೊಟ್ಟಿ ತಿನ್ನುತ್ತ ಆ ಕೂಸಿನ ಮಾತೇ ಆಡುತ್ತಿದ್ದ.

ಮರುವರ್ಷದ ಆರಂಭದಲ್ಲಿ ಆ ಅಗ್ಗದ ಮಾತ್ರೆ ಅಂಗಡಿಗೆ ಬರುವುದು ನಿಂತಿತು. ಹೊರದೇಶದ ಕಂಪನಿಗೆ ಮಾತ್ರ ಮಾರುವ ಹಕ್ಕು ಸಿಕ್ಕಿದೆ, ಉಳಿದವರು ಮಾರಬಾರದೆಂದು ಕೋರ್ಟಿನಲ್ಲಿ ಆಗಿದೆ ಎಂದು ಔಷಧಿ ಅಂಗಡಿಯವನು ಹೇಳಿದ. ತಿಪ್ಪೇರುದ್ರನಿಗೆ ಇದರಲ್ಲಿ ಅರ್ಥವಾದದ್ದು ಒಂದೇ: ನಾಳೆಯಿಂದ ಮಾತ್ರೆಯಿಲ್ಲ. ಪುಕ್ಕಟೆ ಮಾತ್ರೆಗೆ ಡಾಕ್ಟರು ಅವನ ಹೆಸರನ್ನೂ ಕಳಿಸಿದರು. ಉತ್ತರ ಬರಲು ತಡವಾಗುತ್ತದೆ ಎಂದರು. ಇಷ್ಟು ದಿನ ಕೊಂಡು ನುಂಗಿದವನು ಇನ್ನು ಕೊಳ್ಳಲಾರೆ ಎಂಬುದನ್ನು ತೋರಿಸಿಕೊಡಬೇಕಿತ್ತು.

ಆ ಸಲ ವಾಪಸು ಬರುವಾಗ ಅವನು ಬಸ್ಸಿನಲ್ಲಿ ರೊಟ್ಟಿ ಮುಟ್ಟಲಿಲ್ಲ. ಚಳ್ಳಕೆರೆಯಲ್ಲಿ ಇಳಿದಾಗ ಹೆಂಡತಿ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಅವಳು ಗಂಡನ ಮುಖ ನೋಡಿದಳು. ಪಾತಮ್ಮ ತನ್ನ ಚೀಲ ಬಿಚ್ಚಿದಳು.

"ಬ್ಯಾಡಕ್ಕಾ" ತಿಪ್ಪೇರುದ್ರ ಹಿಂದೆ ಸರಿದ. "ನಿನ್ನ ಪಾಲಿಂದು ಅದು."

"ನಿಂದು ಬರೋಗಂಟ ಕಣಪ್ಪ. ಬಂದ ಮ್ಯಾಲೆ ಯಾರು ಕೊಡ್ತಾರೆ ನಿನಗೆ?" ಎಂದು ಅವಳು ಹೆಂಡತಿಯ ಸೆರಗಿಗೆ ಎರಡು ಡಬ್ಬಿ ಹಾಕಿದಳು. "ತಾಯಿ ಸತ್ತ ಮರೀನ ಇನ್ನೊಂದು ಕುರಿಗೆ ಬಿಡ್ತೀವಿ. ಎರಡು ಮರೀನೂ ಸೊರಗ್ತವೆ, ಎರಡೂ ಬದುಕ್ತವೆ."

ಅಂದಿನಿಂದ ಅವಳು ದಿನಕ್ಕೆ ಎರಡು ನುಂಗಿದಳು, ಅವನು ಎರಡು. ಒಂದು ತಿಂಗಳೆಂದುಕೊಂಡದ್ದು ಬೇಸಿಗೆ ಕಳೆದು ಮಳೆ ಬರುವ ತನಕ ಎಳೆಯಿತು. ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಡಾಕ್ಟರು ರಕ್ತದ ಲೆಕ್ಕ ನೋಡಿ ಹುಬ್ಬು ಗಂಟಿಕ್ಕಿ "ದಿನಾ ನಾಲ್ಕೂ ತಗೋತೀರಾ ಪಾತಮ್ಮ?" ಎಂದು ಕೇಳಿದಾಗ "ತಗೋತೀನಿ" ಎಂದಳು. ಇಷ್ಟು ವರ್ಷ ತನ್ನನ್ನು ನೋಡಿಕೊಂಡವರಿಗೆ ಮುಖ ನೋಡಿ ಸುಳ್ಳು ಹೇಳಿದ್ದು ಅವಳನ್ನು ಬಹಳ ಕೊರೆಯಿತು. ಒಂದು ಸಲ ತಿಪ್ಪೇರುದ್ರನ ಮೇಲೇ ಸಿಡುಕಿದಳಂತೆ: "ಇನ್ನೂ ಎಷ್ಟು ದಿನ ಕಾಯಿಸ್ತಾರಪ್ಪ ನಿನ್ನ?" ಅವನು ಅಂದು ತನ್ನ ಪಾಲು ತೆಗೆದುಕೊಳ್ಳದೆ ಹೊರಟ. ಅವಳೇ ಹಿಂದೆ ಓಡಿ ಹೋಗಿ ಕೊಟ್ಟು ಬಂದಳು.

ಶ್ರಾವಣದಲ್ಲಿ ಅವನ ಹೆಸರು ಬಂತು. ಪಾತಮ್ಮ ಮತ್ತೆ ನಾಲ್ಕು ನುಂಗತೊಡಗಿದಳು. ಎಲ್ಲ ಮುಗಿಯಿತೆಂದು ಇಬ್ಬರೂ ತಿಳಿದರು. ಅವನ ಮೈ ತುಂಬಿಕೊಂಡಿತು. ಮೂಟೆ ಹೊರಲು ಮತ್ತೆ ಮಿಲ್ಲಿಗೆ ಹೋದ. ಅವಳ ಲೆಕ್ಕವೂ ಮೊದಮೊದಲು ಇಳಿಯಿತು, ಆಮೇಲೆ ನಿಂತಿತು, ಆಮೇಲೆ ಏರಿತು. ಮುಂದಿನ ಬೇಸಿಗೆಗೆ ಪಕ್ಕೆಯ ಕೆಳಗೆ ಕೈಯಿಟ್ಟರೆ ಆ ಗಟ್ಟಿ ಅಂಚು ಮತ್ತೆ ಸಿಗುತ್ತಿತ್ತು.

ಈ ಸಲ ಓಬಳಪ್ಪನೂ ಜೊತೆಗೆ ಹೋಗಿದ್ದ. ಡಾಕ್ಟರು ಬಾಗಿಲು ಹಾಕಿಸಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಿಜ ಹೇಳಿ ಪಾತಮ್ಮ. ನಾನು ಬಯ್ಯಲ್ಲ."

ಅವಳು ಹೇಳಿದಳು. ಹೆಸರು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಚಳ್ಳಕೆರೆ ಕಡೆಯಿಂದ ಬರುತ್ತಿದ್ದವರು ಅವರಿಬ್ಬರೇ. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಮಾತ್ರೆಯನ್ನು ಇನ್ನೊಬ್ಬರಿಗೆ ಕೊಟ್ಟವರನ್ನೂ ಪಡೆದವರನ್ನೂ ಪಟ್ಟಿಯಿಂದ ತೆಗೆಯಬೇಕೆಂಬುದು ನಿಯಮ.

"ಇದನ್ನ ನಾನು ಕೇಳಿಸ್ಕೊಂಡಿಲ್ಲ" ಎಂದರು. "ಆದರೆ ನೀವು ಕೇಳಿಸ್ಕೊಳಿ. ಅರ್ಧ ಮಾತ್ರೆಗೆ ಅರ್ಧ ಕಾಯಿಲೆ ಹೋಗಲ್ಲ. ಸಾಯದೆ ಉಳಿದ ಕಣ ಮಾತ್ರೆಗೆ ಒಗ್ಗಿಹೋಗುತ್ತೆ. ಆಮೇಲೆ ಪೂರ್ತಿ ಕೊಟ್ರೂ ಬಗ್ಗಲ್ಲ."

"ಅವನಿಗೆ?" ಪಾತಮ್ಮ ಕೇಳಿದಳು.

"ಅವನಿಗೆ ಚೆನ್ನಾಗಿದೆ."

ಓಬಳಪ್ಪ ಚಳ್ಳಕೆರೆಯಲ್ಲಿ ಇಳಿದೊಡನೆ ಹೆಂಡತಿಯನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ನೆಟ್ಟಗೆ ಮಿಲ್ಲಿಗೆ ನಡೆದ. ಅಂಗಳದಲ್ಲಿ ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ತಿಪ್ಪೇರುದ್ರ ಬೆನ್ನ ಮೇಲೆ ಮೂಟೆ ಹೊತ್ತು ಬಾಗಿ ಬರುತ್ತಿದ್ದ. ಅವನ ತೋಳಿನ ಕಸುವು ನೋಡಿ ಓಬಳಪ್ಪನಿಗೆ ತಡೆಯಲಾಗಲಿಲ್ಲ.

"ಲೇ! ಅವಳ ಜೀವ ಹೊತ್ಕೊಂಡು ಓಡಾಡ್ತಿದೀಯಲ್ಲೋ!"

ತಿಪ್ಪೇರುದ್ರ ಮೂಟೆ ಇಳಿಸಿ ನಿಂತ. ಸುತ್ತಲಿನ ಹಮಾಲರೂ ನಿಂತರು.

"ಏನಾಯ್ತಣ್ಣ?"

"ನಿನ್ನ ಬಾಯಿಗೆ ಹಾಕಿ ಅವಳು ಸಾಯ್ತಾ ಅವಳೆ. ಗುಳಿಗೆ ಹಿಡೀತಿಲ್ವಂತೆ ಈಗ. ಡಾಕ್ಟ್ರು ಹೇಳಿದ್ರು. ಬ್ಯಾಡ ಅನ್ನಕ್ಕೆ ಬಾಯಿರಲಿಲ್ವೇನಲೇ ನಿನಗೆ?"

"ಅಂದೆ ಅಣ್ಣ" ಎಂದ ತಿಪ್ಪೇರುದ್ರ. ಸ್ವಲ್ಪ ತಡೆದು, "ಆಮ್ಯಾಲೆ ಇಸ್ಕೊಂಡೆ" ಎಂದ.

ಓಬಳಪ್ಪ ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆಯ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ.

ಎರಡು ದಿನಕ್ಕೆ ತಿಪ್ಪೇರುದ್ರ ಹೆಂಡತಿ ಕೂಸಿನೊಂದಿಗೆ ಹಟ್ಟಿಗೆ ಬಂದ. ತನ್ನ ಆ ತಿಂಗಳ ಡಬ್ಬಿಗಳನ್ನೆಲ್ಲ ಜಗುಲಿಯ ಮೇಲಿಟ್ಟ. ಹೆಂಡತಿ ಅವನ್ನು ನೋಡಲಾರದೆ ಬೇರೆ ಕಡೆ ತಿರುಗಿ ನಿಂತಿದ್ದಳು. ಓಬಳಪ್ಪ "ತಗಳೇ" ಎಂದ. ಅವನ ದನಿಯಲ್ಲಿ ನಾಚಿಕೆಯಿರಲಿಲ್ಲ. ಪಾತಮ್ಮ ಕಂಬಕ್ಕೆ ಒರಗಿ ಕೂತಿದ್ದಳು.

"ನಂದೇ ಐತೆ ಒಳಗೆ. ಈಗ ದಿನಕ್ಕೆ ಎಂಟು ಬರೆದವ್ರೆ, ಅದನ್ನೂ ಕಂಪನಿಯವ್ರೇ ಕೊಟ್ಟವ್ರೆ" ಎಂದಳು. "ಗುಳಿಗೆ ಕಮ್ಮಿಯಾಗಿ ಅಲ್ಲ ನನಗೆ ಹಿಂಗಾಗಿರದು. ನೀನು ಇವನ್ನ ಇಲ್ಲಿಟ್ರೆ ಇಬ್ರೂ ಹೋಗ್ತೀವಿ ಅಷ್ಟೆ. ಎತ್ಕೋ. ಒಂದಿನಾನೂ ಬಿಡಬ್ಯಾಡ. ಯಾರು ಬಂದು ಕಾಲು ಹಿಡಿದ್ರೂ ಒಂದೂ ಕೊಡಬ್ಯಾಡ."

ಕೊನೆಯ ಮಾತು ಹೇಳುವಾಗ ಅವಳ ದನಿ ಗಡುಸಾಗಿತ್ತು. ಅವರು ಹೋದ ಮೇಲೆ ಶಿಲ್ಪ ನೀರು ಕೊಡಲು ಬಂದಳು. ಈಗ ಅವಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಮದುವೆಯ ಮಾತು ಅವ್ವನೇ ಮುಂದೂಡಿದ್ದಳು. ಅವ್ವ ಅವಳ ಕೈ ಹಿಡಿದು ಕೂರಿಸಿಕೊಂಡು ಹೇಳಿದಳು: "ಎಲ್ರೂ ನನ್ನ ಪುಣ್ಯಾತ್ಗಿತ್ತಿ ಅಂತಾರೆ. ಕೊಡಬಾರದಿತ್ತು ಅನಿಸ್ತೈತೆ ಕಣೇ. ಆ ಕೂಸು ನೋಡಿದಾಗ ಅನಿಸಲ್ಲ. ನಿನ್ನ ನೋಡಿದಾಗ ಅನಿಸ್ತೈತೆ."

ಎಂಟು ಮಾತ್ರೆಗೆ ಕಾಯಿಲೆ ಒಂದಿಷ್ಟು ತಿಂಗಳು ಬಗ್ಗಿತು. ವಾಂತಿ, ಊತ, ಮೈಮೇಲೆ ಕೆಂಪು ದದ್ದು. ಆದರೂ ಅವಳು ಬಿಡಲಿಲ್ಲ. ಆಮೇಲೆ ಮೂಳೆ ನೋವು ಬಂತು, ಜ್ವರ ಬಂತು. ಕಾಯಿಲೆ ನಿಧಾನದ ನಡಿಗೆ ಬಿಟ್ಟು ಓಡತೊಡಗಿದೆ ಎಂದರು ಡಾಕ್ಟರು. ಹೊರದೇಶದಲ್ಲಿ ಇನ್ನೊಂದು ಹೊಸ ಮಾತ್ರೆ ಬರುತ್ತಿದೆಯಂತೆ. ಇಲ್ಲಿಗೆ ಯಾವಾಗ ಬರುತ್ತದೋ, ಯಾವ ಬೆಲೆಗೆ ಬರುತ್ತದೋ ಅವರಿಗೂ ಗೊತ್ತಿರಲಿಲ್ಲ. ಊರಿಗೆ ಕರೆದುಕೊಂಡು ಹೋಗಿ, ರಕ್ತ ಬೇಕಾದಾಗ ಚಿತ್ರದುರ್ಗದಲ್ಲೇ ಹಾಕಿಸಿ ಎಂದರು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ರಕ್ತ ಹಾಕುತ್ತಿದ್ದರು, ಬದಲಿಗೆ ರಕ್ತ ಕೊಡಲು ರೋಗಿಯ ಕಡೆಯವರನ್ನೇ ಕರೆತರಬೇಕಿತ್ತು. ಹಟ್ಟಿಯ ಗಂಡಸರು ರಕ್ತ ಕೊಟ್ಟರೆ ಕಸುವು ಹೋಗುತ್ತದೆಂದು ಹಿಂಜರಿದರು. ಓಬಳಪ್ಪ ಒಮ್ಮೆ ಕೊಟ್ಟಿದ್ದ, ಮತ್ತೆ ಅಷ್ಟು ಬೇಗ ತೆಗೆಯುವುದಿಲ್ಲ ಎಂದಿದ್ದರು. ಹಾಸಿಗೆಯ ಮೇಲೆ ಪಾತಮ್ಮ ಸುಣ್ಣದಂತೆ ಬೆಳ್ಳಗಾಗಿದ್ದಳು. ಜ್ವರ ಏರಿದಾಗ ಬಾಯಲ್ಲಿ ತವರಿನ ತೆಲುಗೇ ಬರುತ್ತಿತ್ತು. ನರ್ಸು ಕೇಳಿದರೆ ಶಿಲ್ಪ ಕನ್ನಡದಲ್ಲಿ ಹೇಳಬೇಕಿತ್ತು.

ಅಂಥ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ಲಾರಿಯೊಂದು ಆಸ್ಪತ್ರೆಯ ಮುಂದೆ ನಿಂತಿತು. ಹಿಂದಿನಿಂದ ಆರೇಳು ಹಮಾಲರು ಇಳಿದರು. ತಲೆಗೂದಲಲ್ಲಿ ಇನ್ನೂ ಶೇಂಗಾ ಸಿಪ್ಪೆಯ ಧೂಳು. ತಿಪ್ಪೇರುದ್ರ ಅವರನ್ನು ಕರೆತಂದಿದ್ದ. ಅವನ ರಕ್ತ ಯಾರಿಗೂ ಆಗುವಂಥದ್ದಲ್ಲ. ಅವನು ಬಾಗಿಲ ಹೊರಗೇ ನಿಂತ. ಹಮಾಲರು ಒಬ್ಬೊಬ್ಬರಾಗಿ ಒಳಗೆ ಹೋಗಿ ತೋಳು ಒತ್ತಿ ಹಿಡಿದುಕೊಂಡು ಹೊರಬಂದರು. ಓಬಳಪ್ಪ ಎಲ್ಲರಿಗೂ ಟೀ ತರಿಸಿದ. ತಿಪ್ಪೇರುದ್ರನ ಮುಂದೆ ಲೋಟ ಇಟ್ಟ, ಮುಖ ನೋಡಲಿಲ್ಲ.

"ಹೆಂಗವಳೆ ಅಣ್ಣ?"

"ಹೋಗಿ ನೋಡು."

ಅವನು ಒಳಗೆ ಹೋದ. ಪಾತಮ್ಮ ಕಣ್ಣು ಬಿಟ್ಟು ಗುರುತು ಹಿಡಿದಳು. "ನುಂಗಿದಾ?" ಎಂದಳು. ಅವನು ಹೂಂ ಎಂದ. ಅವಳು ಗೋಡೆಯ ಕಡೆ ತಿರುಗಿದಳು. ಅದು ಪ್ರೀತಿಗೋ ಬೇಸರಕ್ಕೋ ಅಲ್ಲಿದ್ದ ಶಿಲ್ಪಳಿಗೂ ತಿಳಿಯಲಿಲ್ಲ.

ಹಮಾಲರ ರಕ್ತದಲ್ಲಿ ಅವಳು ಸಂಕ್ರಾಂತಿಯ ತನಕ ಉಳಿದಳು. ಹಟ್ಟಿಯಲ್ಲೇ, ಬೆಳಗಿನ ಹೊತ್ತು, ಕುರಿಗಳನ್ನು ಹೊರಗೆ ಬಿಡುವ ಗದ್ದಲದಲ್ಲಿ ಪ್ರಾಣ ಹೋಯಿತು. ಮಗ್ಗುಲಲ್ಲಿ ಅತ್ತೆ ಮಾತ್ರ ಇದ್ದಳು.

ಉಳಿದ ಮಾತ್ರೆಗಳನ್ನು ಹಿಂತಿರುಗಿಸಬೇಕೆಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ದಿನದ ಕಾರ್ಯ ಮುಗಿದ ಮೇಲೆ ಓಬಳಪ್ಪ ಒಬ್ಬನೇ ಬೆಂಗಳೂರಿಗೆ ಹೋದ. ಡಾಕ್ಟರು ಡಬ್ಬಿಗಳನ್ನು ತೆಗೆದುಕೊಂಡು ಅವನನ್ನು ಕೂರಿಸಿದರು.

"ಒಂದು ಮಾತು ಹೇಳ್ತೀನಿ ಓಬಳಪ್ಪ. ಪೂರ್ತಿ ನುಂಗಿದವರಿಗೂ ಕೆಲವರಿಗೆ ಹೀಗೇ ಆಗುತ್ತೆ. ಹಂಚಿದ್ದರಿಂದಲೇ ಆಯ್ತು ಅಂತ ನಾನು ಹೇಳಲಾರೆ."

ಓಬಳಪ್ಪ ರುಮಾಲನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದ. "ಹಂಗಂದ್ಬಿಟ್ರೆ ಹೆಂಗೆ ಡಾಕ್ಟ್ರಮ್ಮ" ಎಂದ. "ಅದರಿಂದ್ಲೇ ಅಂದಿದ್ರೆ ಅವನ ಮ್ಯಾಲೆ ಸಿಟ್ಟು ಇಟ್ಕೊಂಡಾದ್ರೂ ಇರ್ತಿದ್ದೆ. ಅಲ್ವೇ ಅಲ್ಲ ಅಂದಿದ್ರೆ ಬಿಡ್ತಿದ್ದೆ."

ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು.

ಶಿಲ್ಪ ಆ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಅಜ್ಜಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು, ಮುಂದಿನ ವರ್ಷ ಮದುವೆಯಾದಳು. ಓಬಳಪ್ಪ ಮಂದೆಯನ್ನು ಅರ್ಧಕ್ಕೆ ಇಳಿಸಿದ, ಕಾವಲಿನಲ್ಲಿ ಅವಳು ಮೇಯಿಸುತ್ತಿದ್ದ ಕೊನೆಗೆ ಹೋಗುವುದನ್ನು ಬಿಟ್ಟ. ಚಳ್ಳಕೆರೆಯಲ್ಲಿ ತಿಪ್ಪೇರುದ್ರ ಎದುರಾದರೆ ಇಬ್ಬರೂ ನಿಲ್ಲುತ್ತಾರೆ. ಮಳೆಯ ಮಾತು, ಶೇಂಗಾ ಧಾರಣೆಯ ಮಾತು ಆಡುತ್ತಾರೆ. ಮೈ ಹೇಗಿದೆ ಎಂದು ಓಬಳಪ್ಪ ಕೇಳುವುದಿಲ್ಲ. ತಿಪ್ಪೇರುದ್ರನೂ ತಾನಾಗಿ ಹೇಳುವುದಿಲ್ಲ.